ಕೈ ತೊಳೆಯದೆ ಹುಳುಮನೆಗೆ ಹೋದವಳು

ಅತ್ತಿಗೆ, ಎರಡು ವರ್ಷದ ಹಿಂದೆ ನಮ್ಮ ಮನೆಯ ರೇಷ್ಮೆಹುಳು ಸತ್ತದ್ದು ನಿಮ್ಮಿಂದ ಅಲ್ಲ. ರೋಗದ ಕೈ ನನ್ನದು. ಅದು ಗೊತ್ತಿದ್ದೂ ಅಮ್ಮನ ಮುಂದೆ ನಿಮ್ಮ ಹೆಸರು ಹೇಳಿದವಳೂ ನಾನೇ.

ಇಷ್ಟು ಟೈಪ್ ಮಾಡಿ ಫೋನ್ ಕೆಳಗಿಟ್ಟು, ಎದ್ದು ಹೋಗಿ ನೀರು ಕುಡಿದು ಬಂದೆ. ಅಳಿಸಿಬಿಡೋಣ ಅನ್ನಿಸಿತು. ಅಳಿಸಲಿಲ್ಲ. ಮೊದಲನೇ ಸಾಲು ಬರೆದರೆ ಮಿಕ್ಕಿದ್ದು ಸಲೀಸು ಅಂದುಕೊಂಡಿದ್ದೆ — ಇಲ್ಲ, ಹೇಗಾಯಿತು ಅನ್ನುವುದೇ ಕಷ್ಟ.

ಆಗ ನನಗೆ ಸೈಕಾಲಜಿ ಹುಚ್ಚು ಹೊಸದು. ಓದುತ್ತಿದ್ದದ್ದು ಬಿ.ಕಾಂ, ಆದರೆ ಚಿಂತಾಮಣಿಗೆ ಹೋಗಿಬರುವ ಬಸ್ಸಿನಲ್ಲಿ ನೋಡುತ್ತಿದ್ದದ್ದೆಲ್ಲ ಮನಸ್ಸಿನ ಬಗ್ಗೆ ವಿಡಿಯೋ. ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಗೈಡ್ ಸಿಕ್ಕಿತ್ತು. ಅದರಲ್ಲೊಂದು ಹತ್ತು ಅಂಕದ ಪ್ರಶ್ನೆ — ‘ಮನೋವಿಜ್ಞಾನದ ಪ್ರಮುಖ ದೃಷ್ಟಿಕೋನಗಳನ್ನು ಹೋಲಿಸಿ.’ ನನಗೆ ಆ ಪರೀಕ್ಷೆಯೂ ಇಲ್ಲ, ಆ ಅಂಕವೂ ಬೇಡ, ಆದರೂ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಒಬ್ಬ ಮನುಷ್ಯ ಒಂದು ಕೆಲಸ ಮಾಡಿದರೆ ಅದಕ್ಕೆ ಐದು ಕಡೆಯಿಂದ ಕಾರಣ ಹೇಳಬಹುದಂತೆ! ವರ್ತನಾವಾದದವರು, ಅದು ರೂಢಿಯಾದದ್ದು ಅನ್ನುತ್ತಾರೆ. ಮನೋವಿಶ್ಲೇಷಣೆಯವರು, ಮನಸ್ಸಿನ ತಳದಲ್ಲಿ ಏನೋ ಹೂತಿದೆ ಅನ್ನುತ್ತಾರೆ. ಒಬ್ಬರಿಗೆ ಮಿದುಳು ಮುಖ್ಯ, ಒಬ್ಬರಿಗೆ ಯೋಚನೆಯ ರೀತಿ. ಮಾನವತಾವಾದದವರು ಮಾತ್ರ, ಮನುಷ್ಯ ಮೂಲದಲ್ಲಿ ಒಳ್ಳೆಯವನೇ, ಅವನ ಮಾತು ಕೇಳುವವರು ಬೇಕು ಅನ್ನುತ್ತಾರೆ. ಅಮ್ಮ ಬೈದರೂ ಅದು ಐದರಲ್ಲಿ ಯಾವುದು ಅಂತ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ.

ಕೇಳುವ ಅಭ್ಯಾಸ ಮಾಡುವುದಕ್ಕೆ ನೀವು ಸಿಕ್ಕಿದಿರಿ. ಎದುರಿನವರ ಕೊನೆಯ ಮಾತನ್ನು ತಿರುಗಿ ಹೇಳಿದರೆ ಅವರು ಮನಸ್ಸು ಬಿಚ್ಚುತ್ತಾರೆ ಅಂತ ಒಂದು ವಿಡಿಯೋದಲ್ಲಿತ್ತು. ಅಣ್ಣ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ತರಲು ಹೋಗಿದ್ದ, ನಾವಿಬ್ಬರೇ ಜಗಲಿಯ ಮೇಲಿದ್ದೆವು.

“ತಲೆ ನೋಯ್ತದೆ ಕಣೇ,” ಅಂದಿರಿ.

“ತಲೆ ನೋಯ್ತದೆ...”

“ಸೊಂಟಾನೂ.”

“ಸೊಂಟಾನೂ...”

“ಏನೇ ಪವಿ ಇದು, ಗಿಣಿ ತರ ನಾನಂದಿದ್ದೇ ಅಂತೀಯ? ನಿಂಗೇ ಹುಷಾರಿಲ್ವೇನಮ್ಮಾ?”

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಕ್ಕ ಮೇಲೆಯೇ ನೀವು ಹೇಳಿದ್ದು.

ನಗರಗೆರೆಯ ನಿಮ್ಮ ತವರಲ್ಲಿ ಬರೀ ಜೋಳ, ಕಡಲೆಕಾಯಿ. ರೇಷ್ಮೆ ಕಂಡವರಲ್ಲ ನೀವು. ಮದುವೆಯಾಗಿ ಬಂದ ಹೊಸದರಲ್ಲಿ ಎಲ್ಲ ಕಲಿಸಿದವಳು ನಾನು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಅಲ್ಲಾಡದೆ ಮಲಗಿದರೆ ಅದಕ್ಕೆ ಜ್ವರ ಅನ್ನುತ್ತಾರೆ, ಹೀಗೆ ನಾಲ್ಕು ಜ್ವರ ದಾಟಿದರೆ ಗೂಡು ಕಟ್ಟುತ್ತದೆ ಅಂತ. ಬಾಗಿಲ ಹತ್ತಿರ ಇರುವ ಬ್ಲೀಚಿಂಗ್ ನೀರಿನ ಬಕೆಟ್ಟಿನಲ್ಲಿ ಕೈ ಅದ್ದದೆ ಒಳಗೆ ಹೋಗಬಾರದು ಅಂತ. ಮುಟ್ಟಾದ ಮೂರು ದಿನ ಹುಳುಮನೆಗೆ ಕಾಲಿಡಬಾರದು, ಹುಳುವಿಗೆ ಆಗಿಬರುವುದಿಲ್ಲ ಅಂತ — ಅದನ್ನೂ ನಾನೇ ಹೇಳಿಕೊಟ್ಟಿದ್ದೆ. ಯಾಕೆ ಅಂತ ಆಗ ನೀವು ಕೇಳಿದ್ದಿರಿ. ನಾನು ಕೇಳಿರಲಿಲ್ಲ.

“ಆ ಹುಳುಮನೆ ಬಾಗಿಲೇ ನನ್ನ ರಿಸಲ್ಟ್ ಬೋರ್ಡು ಕಣೇ,” ಅಂದಿರಿ ಆವತ್ತು. “ಮದ್ವೆ ಆಗಿ ಮೂರ್ ವರ್ಷ ಆಯ್ತು. ತಿಂಗಳ್ ತಿಂಗಳೂ ಹೊರಗೆ ನಿಂತ್ಕೊಂಡ್ರೆ ಅತ್ತೆಗೆ ಗೊತ್ತಾಗ್ತದೆ, ನಿಮ್ಮಣ್ಣಂಗೆ ಗೊತ್ತಾಗ್ತದೆ, ಸೊಪ್ಪು ಕೊಯ್ಯೋಕ್ ಬರೋರ್ಗೂ ಗೊತ್ತಾಗ್ತದೆ, ಈ ಸಲಾನೂ ಇಲ್ಲ ಅಂತ. ಅದಕ್ಕೇ ಈ ತಿಂಗಳು ಯಾರ್ಗೂ ಹೇಳ್ಲಿಲ್ಲ. ಒಳಕ್ಕೆ ಹೋಗಿ ಸೊಪ್ಪು ಹಾಕ್ಬಂದೆ. ಏನೂ ಆಗ್ಲಿಲ್ಲ ನೋಡು. ಯಾರ್ ಹತ್ರಾನೂ ಅನ್ಬೇಡಮ್ಮ.”

“ಅನ್ನಲ್ಲ ಅತ್ತಿಗೆ.”

ನಿಮ್ಮ ಕೈ ಹಿಡಿದುಕೊಂಡೆ. ಒಳಗೊಳಗೇ ಖುಷಿ — ವಿಡಿಯೋದಲ್ಲಿ ಹೇಳಿದ್ದು ಕೆಲಸ ಮಾಡಿತು ಅಂತ.

ಅದೇ ವಾರ ಕೆಂಚಾರ್ಲಹಳ್ಳಿಯ ನನ್ನ ಗೆಳತಿಯ ಮನೆಗೆ ಹೋದೆ. ಅವರ ಹುಳುವಿಗೆ ಹಾಲುತೊಂಡೆ ರೋಗ ಬಿದ್ದು, ಅವಳ ತಾಯಿ ಊಟ ಬಿಟ್ಟು ಕೂತಿದ್ದರು. ಸಮಾಧಾನ ಹೇಳುವುದಕ್ಕೆ ಹೋದೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನೋಡುವುದಕ್ಕೆ ಹೋದೆ. ಅದಕ್ಕೆ ಕೇಸ್ ಸ್ಟಡಿ ಅಂತ ಹೆಸರಿಟ್ಟುಕೊಂಡಿದ್ದೆ. ಅವರು ಕರೆದುಕೊಂಡು ಹೋಗಿ ಹುಳು ತೋರಿಸಿದರು. ಮೈ ಊದಿಕೊಂಡು ತಟ್ಟೆಯ ಅಂಚಿನಲ್ಲೆಲ್ಲ ಹರಿದಾಡುತ್ತಿದ್ದವು. ಒಂದನ್ನು ಅಂಗೈಯಲ್ಲಿಟ್ಟುಕೊಂಡೆ. ಅಲ್ಲೇ ಒಡೆದು ಹಾಲಿನಂಥ ನೀರು ಬಂತು. ಚೂಡಿದಾರಕ್ಕೆ ಒರೆಸಿಕೊಂಡು, ಅವರು ಅಳುತ್ತಾ ಹೇಳಿದ್ದನ್ನೆಲ್ಲ ಫೋನಿನಲ್ಲಿ ಬರೆದುಕೊಂಡೆ.

ಮನೆಗೆ ಬಂದಾಗ ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತು ಮೀರಿತ್ತು. ನಮ್ಮ ಹುಳು ಮೂರನೇ ಜ್ವರದಿಂದ ಆಗಷ್ಟೇ ಎದ್ದು ಹಸಿದಿದ್ದವು. ನನ್ನ ತಲೆಯೊಳಗೆ ಇನ್ನೂ ಆ ತಾಯಿ — ಇವರ ದುಃಖ ಐದರಲ್ಲಿ ಯಾವುದಕ್ಕೆ ಬರುತ್ತದೆ? ಬಕೆಟ್ಟು ಪಕ್ಕದಲ್ಲೇ ಇತ್ತು. ದಾಟಿಕೊಂಡು ಒಳಗೆ ಹೋದೆ. ಎರಡೂ ಕೈಯಲ್ಲಿ ಸೊಪ್ಪು ಹರಡಿದೆ.

ವಾರ ಕಳೆದು ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಯಿತು. ಅದೇ ಊದಿದ ಮೈ, ಅದೇ ಹರಿದಾಟ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಮನೆಯಲ್ಲಿ ಇನ್ನಾರಿಗೂ ಗೊತ್ತಾಗುವ ಮುಂಚೆ ಗೊತ್ತಾಯಿತು. ಅಣ್ಣ ಗುಂಡಿ ತೆಗೆದು, ಸುಣ್ಣ ಹಾಕಿ, ಇಡೀ ಬೆಳೆಯನ್ನು ಹೂತ. ಅಮ್ಮ ಅಂಗಳದಲ್ಲಿ ನಿಂತು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದಳು.

“ಮುಟ್ಟಾದೋರು ಯಾರಾನಾ ಒಳಕ್ಕೆ ಹೋಗಿದ್ರಾ?”

ನೀವು ನನ್ನ ಕಡೆ ನೋಡಿದಿರಿ. ಹೆದರಿದ ನೋಟ ಅಲ್ಲ ಅದು. ಇವಳು ಹೇಳಲ್ಲ ಅನ್ನುವ — ಹೇಗೆ ಬರೆಯಲಿ ಅದನ್ನ.

“ಅತ್ತಿಗೆ ಹೋಗಿದ್ರು,” ಅಂದೆ.

ಅಮ್ಮ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನಿಮ್ಮ ಹೊಟ್ಟೆ ನೋಡಿದಳು. ಆ ತಿಂಗಳು ನೀವು ಹೊರಗೆ ನಿಲ್ಲಲಿಲ್ಲ ಅಂತ ಅವಳು ಗುಟ್ಟಾಗಿ ಲೆಕ್ಕ ಹಾಕುತ್ತಿದ್ದಳು. ನಿಮಗೆ ದಿನಾ ಒಂದು ಲೋಟ ಹಾಲು ಯಾಕೆ ಬರುತ್ತಿತ್ತು ಅಂತ ನನಗೆ ಆಗ ಹೊಳೆಯಿತು.

“ಅಂಗಾದ್ರೆ ಮುಟ್ಟು ನಿಂತಿರ್ಲಿಲ್ವಾ?” ಅಂದಳು. ಆಮೇಲೆ, “ಅಯ್ಯೋ ದೇವುಡಾ! ನನ್ನ ಹುಳೂನೂ ತಿಂದ್ಕೊಂಡೆ, ನನ್ನ ಆಸೇನೂ ತಿಂದ್ಕೊಂಡೆ.”

ಇವಳಿಗೂ ಮೊದಲೇ ಗೊತ್ತಿತ್ತು ಅಂತ ನೀವು ನನ್ನ ಹೆಸರೆತ್ತಲಿಲ್ಲ. ಆವತ್ತಿಂದ ಇವತ್ತಿನವರೆಗೂ ಯಾಕೆ ಹೇಳಿದೆ ಅಂತ ನನ್ನನ್ನು ಕೇಳಿಲ್ಲ.

ಅದಕ್ಕೇ ನಾನೇ ಕೇಳಿಕೊಂಡೆ. ಎರಡು ವರ್ಷದಿಂದ ಅದೇ ಹತ್ತು ಅಂಕದ ಪ್ರಶ್ನೆಯನ್ನು ನನ್ನ ಮೇಲೇ ಬರೆದು ಬರೆದು ನೋಡುತ್ತಿದ್ದೇನೆ. ವರ್ತನಾವಾದ ಸುಲಭವಾಗಿ ಹೊಂದುತ್ತದೆ — ಚಿಕ್ಕವಳಿದ್ದಾಗ ಏನು ಒಡೆದರೂ ಅಣ್ಣನ ಕಡೆ ಬೆರಳು ತೋರಿಸುತ್ತಿದ್ದೆ, ಪೆಟ್ಟು ತಪ್ಪುತ್ತಿತ್ತು, ತಪ್ಪಿದ್ದೇ ಬಹುಮಾನ, ಕೈಗೆ ರೂಢಿಯಾಯಿತು. ಮಿದುಳಿನವರ ಲೆಕ್ಕದಲ್ಲಿ ಎದೆ ಹೊಡೆದುಕೊಂಡಿತು, ಬಾಯಿ ಒಣಗಿತು, ಅಪಾಯ ಕಂಡ ದೇಹ ತನ್ನನ್ನು ತಾನು ಉಳಿಸಿಕೊಂಡಿತು. ಇದೂ ನಿಜ, ನಾಲಿಗೆ ಅಂಗುಳಕ್ಕೆ ಅಂಟಿದ್ದು ಇನ್ನೂ ನೆನಪಿದೆ. ಯೋಚನೆಯವರ ಉತ್ತರ ಇನ್ನೂ ಚುಚ್ಚುತ್ತದೆ. ನಾನು ಹೇಳಿದ್ದು ಸುಳ್ಳಲ್ಲವಲ್ಲ, ನೀವು ಹೋಗಿದ್ದು ನಿಜ ತಾನೇ — ಹೀಗೆ ಒಂದು ನಿಜವನ್ನು ಇನ್ನೊಂದು ನಿಜದ ಮೇಲೆ ಹೊದಿಸಿ ಆರಾಮಾಗಿ ಉಂಡು ಎದ್ದೆನಲ್ಲ!

ಮನೋವಿಶ್ಲೇಷಣೆಯ ಪುಟವನ್ನು ತುಂಬಾ ದಿನ ಖಾಲಿ ಬಿಟ್ಟಿದ್ದೆ. ಇದು ನನಗೆ ಹೊಂದುವುದಿಲ್ಲ, ಬರೀ ಊಹೆ ಅಂತ ವಾದಿಸುತ್ತಿದ್ದೆ. ಆಮೇಲೊಂದು ದಿನ ಬರೆದೆ. ನೀವು ಬಂದ ಮೇಲೆ ಅಣ್ಣ ಪೇಟೆಯಿಂದ ಏನು ತಂದರೂ ಮೊದಲು ನಿಮ್ಮ ಹತ್ತಿರ ಹೋಗುತ್ತಿದ್ದ. ಅಮ್ಮ ಹಾಲಿನ ಲೋಟ ನಿಮಗೆ ಮಾತ್ರ ಕೊಡುತ್ತಿದ್ದಳು. ಅಷ್ಟೇ ಬರೆದು ನಿಲ್ಲಿಸಿದೆ. ನಿಮ್ಮ ಮೇಲೆ ನನಗೆ ಪ್ರೀತಿ ಇತ್ತು ಅತ್ತಿಗೆ. ಇನ್ನೊಂದೂ ಇತ್ತು.

ಮಾನವತಾವಾದದ ಉತ್ತರ ಎಲ್ಲಕ್ಕಿಂತ ಹಿತ — ನಿನ್ನನ್ನು ನೀನು ಒಪ್ಪಿಕೋ, ನೀನು ಒಳ್ಳೆಯವಳೇ. ಅದನ್ನು ಓದಿದಾಗಲೆಲ್ಲ ನಿಮ್ಮ ಕೈ ಹಿಡಿದುಕೊಂಡು ಕೂತಿದ್ದ ನಾನು ಕಾಣುತ್ತೇನೆ. ಪುಸ್ತಕ ಮುಚ್ಚಿಬಿಡುತ್ತೇನೆ.

ಯಾವುದು ಸರಿ ಅಂತ ನನಗೆ ಇನ್ನೂ ಗೊತ್ತಿಲ್ಲ. ಐದೂ ಸ್ವಲ್ಪ ಸ್ವಲ್ಪ ಸರಿ ಅನ್ನಿಸುತ್ತದೆ, ನಿಜವಾಗಿಯೂ ತಿಳಿದುಕೊಳ್ಳುವ ಆಸೆ ಹೋಗಿಲ್ಲ. ಆದರೆ ಐದು ಪುಟ ತುಂಬಿಸಿದ ಮೇಲೆ ನೋಡಿದರೆ ಎಲ್ಲ ಪುಟದಲ್ಲೂ ನಾನೇ ಇದ್ದೆ. ನಿಮಗೆ ಏನಾಯಿತು ಅಂತ ಒಂದು ಸಾಲೂ ಇರಲಿಲ್ಲ.

ಅದು ಕಂಡದ್ದು ಹೋದ ವಾರ. ಚಿಕ್ಕಪ್ಪನ ಮನೆಯ ಹೊಸ ಸೊಸೆ ಹುಳು ನೋಡಲು ಬಂದಿದ್ದಳು. ನೀವು ಅವಳನ್ನು ಬಾಗಿಲಲ್ಲೇ ತಡೆದಿರಿ. “ಆ ದಿನಗಳಲ್ಲಿ ಮಾತ್ರ ಹೋಗ್ಬೇಡಮ್ಮ. ನಾನ್ ಹೋಗಿ ಒಂದ್ ಬೆಳೇನೇ ಸಾಯಿಸ್ಬಿಟ್ಟೆ,” ಅಂದಿರಿ. ಅಮ್ಮನಿಗೆ ಹೆದರಿ ಅಂದದ್ದಲ್ಲ, ಅಮ್ಮ ಅಲ್ಲಿ ಇರಲೇ ಇಲ್ಲ. ಪಿಯುಸಿಯಲ್ಲಿ ಸೈನ್ಸ್ ಓದಿದವರು, ಯಾಕೆ ಅಂತ ಕೇಳಿದವರು — ನೀವೇ ನಂಬಿಬಿಟ್ಟಿದ್ದೀರಿ. ಈಗ ಆ ಮೂರು ದಿನ ಹಿಪ್ಪುನೇರಳೆ ತೋಟದ ಕಡೆಗೂ ಹೋಗುವುದಿಲ್ಲ ನೀವು. ನಾನು ನೋಡುತ್ತಲೇ ಇದ್ದೆ.

ಮಾರನೇ ದಿನ ಹೋಗಿ ರೇಷ್ಮೆ ಇಲಾಖೆಯ ಸಾಹೇಬರೊಬ್ಬರನ್ನು ಕೇಳಿದೆ. “ಮುಟ್ಟಿಗೂ ಇದಕ್ಕೂ ಏನಮ್ಮಾ ಸಂಬಂಧ? ರೋಗದ ಹುಳ ಮುಟ್ಟಿದ ಕೈ ಸಾಕು,” ಅಂದರು. ಬೇರೆ ದಾರಿಯಲ್ಲೂ ಬಂದಿರಬಹುದು ಅಂತಲೂ ಹೇಳಿದರು. ಆ ‘ಬಂದಿರಬಹುದು’ ಹಿಡಿದುಕೊಂಡು ನೇತಾಡಲು ನನಗೆ ಇಷ್ಟವಿಲ್ಲ. ನಿಮ್ಮಿಂದ ಬರಲಿಲ್ಲ, ಅದು ಖಂಡಿತ. ನನ್ನ ಕೈಗೆ ಮೆತ್ತಿಕೊಂಡಿತ್ತು, ಅದೂ ಖಂಡಿತ.

ಇದನ್ನು ನಿಮಗೆ ಕಳಿಸಿ ಸುಮ್ಮನಾದರೆ ಆಗುವುದಿಲ್ಲ. ನಾನು ಅಂದದ್ದು ಅಂಗಳದಲ್ಲಿ, ಎಲ್ಲರ ಮುಂದೆ. ನಾಳೆ ಬೆಳಗಿನ ಸೊಪ್ಪು ಹಾಕಿ ಆದ ಮೇಲೆ ಅಮ್ಮನನ್ನೂ ಅಣ್ಣನನ್ನೂ ಅಲ್ಲೇ ನಿಲ್ಲಿಸಿ ಹೇಳುತ್ತೇನೆ. ನೀವು ಇರಲೇಬೇಕು ಅಂತ ಕೇಳುವುದಿಲ್ಲ. ಕ್ಷಮಿಸಿ ಅಂತಲೂ ಕೇಳುವುದಿಲ್ಲ.

ಅಮ್ಮ ಖಂಡಿತ ಕೇಳುತ್ತಾಳೆ — “ಯಾಕೆ ಅಂಗೆ ಮಾಡ್ದೆ?” ಐದು ಉತ್ತರ ನನ್ನ ಹತ್ತಿರ ಇದೆ. ಒಂದನ್ನೂ ಹೇಳುವುದಿಲ್ಲ. “ಕೈ ತೊಳೀಲಿಲ್ಲಮ್ಮ. ತಪ್ಪು ನಂದು ಅಂತ ಗೊತ್ತಿತ್ತು. ಅತ್ತಿಗೆ ಹೆಸರು ಹೇಳ್ದೆ,” ಅನ್ನುತ್ತೇನೆ. ಅವಳು ಏನಂದರೂ ಒಳಗೆ ಹೋಗದೆ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.