ವೈನಿಯ ಮನೆಗೆ ಸೇರಿಸಿದ ಇಬ್ಬರು ಮಕ್ಕಳು

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಜನ ಕೇಳಿದರೆ ಇದೇನು ಮಹಾ ಅಪರಾಧ ಎಂದಾರು. ಹಾಗಾಗಿಯೇ ಇಷ್ಟು ವರ್ಷ ಮುಂದೂಡುವುದು ಸುಲಭವಾಯಿತು.

ಕಟ್ಟಿಗೆ ಡಿಪೋದ ಕೆಲಸ ಬಿಟ್ಟ ಮೇಲೆ, ಟೈಪಿಂಗ್ ಬರುತ್ತದೆಂಬ ಒಂದೇ ಕಾರಣಕ್ಕೆ ದಾಂಡೇಲಿಯ ಬಂಗೂರನಗರದ ಹತ್ತಿರ ಒಂದು ಸಣ್ಣ ಕಂಪ್ಯೂಟರ್ ಆಫೀಸಿಗೆ ಸೇರಿದ್ದೆ. ಎರಡು ಸಾವಿರದ ಇಸವಿಯ ನಂತರದ ವರ್ಷಗಳು. ಹಳಿಯಾಳದ ಮಹಿಳಾ ಸಂಘವೊಂದಕ್ಕೆ ಅಲ್ಲಿ ವೆಬ್‌ಸೈಟ್ ತಯಾರಾಗುತ್ತಿತ್ತು. ಯಾವ ಮನೆಯಲ್ಲಿ ಯಾರ್ಯಾರಿದ್ದಾರೆ, ಯಾರಿಗೆ ಏನು ಕಾಯಿಲೆ ಎಂದು ಅದರಲ್ಲಿ ದಾಖಲಿಸಬೇಕು. ನಿಜವಾದ ಮಾಹಿತಿ ಬರುವ ಮೊದಲು ಸುಳ್ಳು ಮಾಹಿತಿ ತುಂಬಿ, ಎಲ್ಲ ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ತುಂಬುವ ಕೆಲಸ ನನ್ನದು.

ಅಲ್ಲಿ ಮನುಷ್ಯನನ್ನು ಒಂಟಿಯಾಗಿ ಬರೆಯಲು ಬರುತ್ತಿರಲಿಲ್ಲ. ಮೊದಲು ಮನೆ, ಅದಕ್ಕೆ ಯಜಮಾನ, ಅವನಿಗೆ ಜೋಡಿಸಿದ ಹೆಂಡತಿ, ಅವರಿಗೆ ಜೋಡಿಸಿದ ಮಕ್ಕಳು, ಮಕ್ಕಳಿಗೆ ಜೋಡಿಸಿದ ಕಾಯಿಲೆ. ಪ್ರೋಗ್ರಾಂ ಬರೆಯುತ್ತಿದ್ದವಳು ಧಾರವಾಡದ ಹುಡುಗಿ. ಕಂಪ್ಯೂಟರೇ ಮನೆಗಳನ್ನು ಹುಟ್ಟಿಸುವಂತೆ ಅವಳು ಮಾಡಿ ನೋಡಿದ್ದಳು. ಅದರಲ್ಲಿ ಅಪ್ಪನಿಗಿಂತ ಮಗನೇ ಹಿರಿಯನಾಗಿದ್ದ. ನಾನು ಕೈಯಾರೆ ಬರೆದದ್ದೂ ಅಷ್ಟರಲ್ಲೇ ಇತ್ತು.

“ಕಾಕಾ, ಈ ಅಜ್ಜಿ ತನ್ನ ಮೊಮ್ಮಗಗ ಹೆಂಡತಿ ಆಗ್ಯಾಳ ನೋಡ್ರಿ,” ಎಂದು ಅವಳು ನಗುತ್ತಿದ್ದಳು.

ಕೊನೆಗೆ ಹಳಿಯಾಳದಲ್ಲಿ ನಾನು ಬೆಳೆದ ಓಣಿಯನ್ನೇ ಸಾಲಾಗಿ ತುಂಬತೊಡಗಿದೆ. ಆ ಓಣಿಯಲ್ಲಿ ಯಾರು ಯಾರಿಗೆ ಏನಾಗಬೇಕೆಂಬುದು ನನಗೆ ಬಾಯಿಪಾಠ.

“ಖರೇ ಮಂದಿ ಹೆಸರು ಬ್ಯಾಡ್ರಿ ಕಾಕಾ. ಸಂಘದಾಗ ತೋರ್ಸೂಕಿಂತ ಮೊದಲ ಬದಲ ಮಾಡ್ರಿ,” ಎಂದಳು. ಆಯಿತೆಂದೆ. ಮಾಡಲಿಲ್ಲ.

ಅಣ್ಣನ ಮನೆಯ ಸರದಿ ಬಂತು. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವಳು ಅಣ್ಣನ ಹೆಂಡತಿ, ನನ್ನ ವೈನಿ. ಅವರಿಗೆ ಮಕ್ಕಳಾಗಲಿಲ್ಲ. ಆದರೆ ಪರೀಕ್ಷೆಗೆ ಪ್ರತಿ ಮನೆಯಲ್ಲೂ ಮಕ್ಕಳು ಬೇಕಿತ್ತು. ನಾನು ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ವೈನಿ ರೊಟ್ಟಿ ಬಡಿಯುತ್ತ, ಮಗಳು ಹುಟ್ಟಿದರೆ ಇಂಥ ಹೆಸರು, ಮಗನಾದರೆ ಇಂಥದು ಎಂದು ನನ್ನೊಬ್ಬನಿಗೇ ಹೇಳಿದ್ದಳು. ಆ ಎರಡು ಹೆಸರುಗಳನ್ನೇ ಹಾಕಿದೆ. ಹಾಕುವಾಗ ಖುಷಿಯಾಗಿತ್ತು. ಓಣಿಯ ಉಳಿದ ಮಕ್ಕಳಿಗೆ ಕಾಮಾಲೆ, ಮಲೇರಿಯಾ ಧಾರಾಳವಾಗಿ ಹಂಚಿದ್ದ ನಾನು ಇವರಿಬ್ಬರಿಗೆ ಬರೀ ನೆಗಡಿ ಕೊಟ್ಟೆ.

ತೋರಿಸುವ ದಿನ ಸಂಘದ ಕೋಣೆಯಲ್ಲಿ, ಪ್ರೊಜೆಕ್ಟರಿನ ಬೆಳಕಿನಲ್ಲಿ ಗೋಡೆಯ ಮೇಲೆ ಒಂದೊಂದೇ ಮನೆ ಮೂಡಿತು. ತಮ್ಮ ಹೆಸರು ಕಂಡು, ಸಂಘದಲ್ಲಿದ್ದ ನಮ್ಮ ಓಣಿಯ ಹೆಂಗಸರಿಗೆಲ್ಲ ಸಂಭ್ರಮ. ವೈನಿಯ ಮನೆ ಬಂದಾಗ, ಪಕ್ಕದಲ್ಲಿ ಕೂತಿದ್ದ ನೆರೆಮನೆಯವಳು ಅವಳನ್ನು ತಿವಿದು, “ಯವ್ವಾ, ಇಷ್ಟ ವರ್ಷ ಈ ಎರಡ ಮಕ್ಕಳನ್ನ ಯಾವ ಕಾಳಿನ ಹಗೇವಿನ್ಯಾಗ ಮುಚ್ಚಿಟ್ಟಿದ್ದಿ?” ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. “ಸುಳ್ಳ ಮಕ್ಕಳ್ರಿ ಅವು, ಲೆಕ್ಕಕ್ಕಿಲ್ಲ,” ಎಂದೆ.

ಒಂದು ಮನೆಯನ್ನು ತೆಗೆದರೆ ಅದಕ್ಕೆ ಜೋಡಿಸಿದವರೆಲ್ಲ ಹೇಗೆ ಹೋಗುತ್ತಾರೆಂದು ತೋರಿಸಬೇಕಿತ್ತು. ಏನೂ ತಿಳಿಯದ ಆ ಹುಡುಗಿ, ಎದುರಿಗಿದ್ದ ಅದೇ ಮನೆಯನ್ನು ಅಳಿಸಿದಳು. ವೈನಿ ಮಾತ್ರ ಖಾಲಿ ಗೋಡೆಯನ್ನು ನೋಡುತ್ತ ಕೂತಿದ್ದಳು.

ಸಂಜೆ ಮನೆಯಲ್ಲಿ ಚಹಾ ಕೊಡುತ್ತ ಕೇಳಿದಳು, “ಆ ಹೆಸರು ನಿನಗ ಇನ್ನೂ ನೆನಪ ಅದಾವೇನೋ?”

ದನಿಯಲ್ಲಿ ಸಿಟ್ಟಿರಲಿಲ್ಲ. ಏನೋ ಆಸೆಯಿತ್ತು. ಹೌದು ವೈನಿ, ತಪ್ಪಾಯಿತು ಎನ್ನಬೇಕಿತ್ತು. ನಾಚಿಕೆಯಿಂದ ತಲೆ ಎತ್ತಲಾಗದೆ, “ಯಾವ ಹೆಸರು? ಕಂಪ್ಯೂಟರಿಗೆ ಏನರ ಒಂದ ಬೇಕಿತ್ತು, ಹಾಕಿದೆ,” ಎಂದುಬಿಟ್ಟೆ.

“ಹಂಗೇನು,” ಎಂದು ಅವಲಕ್ಕಿಯ ತಾಟನ್ನು ನನ್ನ ಕಡೆ ಸರಿಸಿದಳು.

ಮುಂದೆ ಎಷ್ಟೋ ವರ್ಷ ಬದುಕಿದ್ದಳು, ಎಷ್ಟೋ ಸಲ ನನಗೆ ಬಡಿಸಿದಳು. ಓಣಿಯ ಮುಂದೆ ನಕ್ಕಿದ್ದನ್ನು ಅವಳು ಮರೆತಿರಬಹುದು. ಆದರೆ ಆ ಮಕ್ಕಳ ಹೆಸರು ಬಲ್ಲವರು ತನ್ನ ಹೊರತು ಜಗತ್ತಿನಲ್ಲಿ ಇನ್ನೊಬ್ಬರಿಲ್ಲವೆಂದೇ ತಿಳಿದು ಹೋದಳಲ್ಲ. ತಪ್ಪಾಯಿತೆಂದು ಒಂದು ಮಾತು ಹೇಳದೆ ನಾನು ಕಳಿಸಿಕೊಟ್ಟದ್ದು, ನನಗೆ ಅವ್ವನಾಗಿದ್ದ ನನ್ನ ವೈನಿಯನ್ನು.