ಬ್ಯಾಟರಿ ಮಾಫಿ

ನಿನ್ನೆ ಕತಾರಿನ ಅಲ್ ರಯ್ಯಾನ್‌ನ ನಮ್ಮ ಮನೆಯಲ್ಲಿ ಒಂದು ಸಾವಾಯಿತು. ಗಾಬರಿಯಾಗಬೇಡಿ, ಸತ್ತದ್ದು ಕಾರಿನ ಬ್ಯಾಟರಿ. ಆದರೆ ಕೀ ತಿರುಗಿಸಿದಾಗ ಬರುವ ಆ ಒಣ 'ಟಿಕ್' ಸದ್ದು ಕೇಳಿದರೆ ನನಗೆ ಈಗಲೂ ಬಾಲ್ಯದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಚಿಕ್ಕ ಹುಡುಗ; ನಾವು ಮಂಗಳೂರಿನಿಂದ ಕತಾರಿಗೆ ಬಂದ ಹೊಸತು. ಅಲ್ ಖೋರ್ ದಾರಿಯ ಖಾಲಿ ಕಡಲತೀರದಲ್ಲಿ ಅಪ್ಪ, ಅಮ್ಮ ಬುತ್ತಿ ಬಿಚ್ಚಿದ್ದರು. ನಾನು ಕಾರಿನೊಳಗೆ ಡ್ರೈವರ್ ಆಟ ಆಡುತ್ತಿದ್ದೆ. ಹೊರಡುವಾಗ ಕಾರು 'ಟಿಕ್' ಅಂದು ಸುಮ್ಮನಾಯಿತು.

"ಪೆಟ್ರೋಲ್ ಉಂಟು. ವಯರ್ ಸರಿ ಉಂಟು. ಮತ್ತೆ ಎಂತ ಆಯ್ತು ಇದಕ್ಕೆ?" ಅಪ್ಪ ಬಾನೆಟ್ಟಿನೊಳಗೆ ತಲೆ ಹಾಕಿ ಗೊಣಗುತ್ತಿದ್ದರು. ಸುತ್ತ ನೆರಳಿಲ್ಲ, ಜನವಿಲ್ಲ. ಅಮ್ಮ ಉಳಿದ ನೀರನ್ನು ನನಗೊಬ್ಬನಿಗೇ ಕುಡಿಸಿ, ಖಾಲಿ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರು. ಅದನ್ನು ಕಂಡಾಗ, ನಾವು ಇಲ್ಲೇ ಸಾಯುತ್ತೇವೆ ಅನ್ನಿಸಿತು.

ಕೊನೆಗೆ ಪಿಕಪ್ಪಿನಲ್ಲಿ ಬಂದ ಅರಬಿ ಮುದುಕರೊಬ್ಬರು ಕೀ ತಿರುಗಿಸಿ, ನನ್ನನ್ನೇ ನೋಡಿ, "ಬ್ಯಾಟರಿ ಮಾಫಿ" ಎಂದರು. ಅವರ ಮಾಫಿ ಎಂದರೆ 'ಇಲ್ಲ'. ನನಗೆ ಗೊತ್ತಿದ್ದ ಮಾಫಿ ಎಂದರೆ ಕ್ಷಮೆ. ಗುಟ್ಟು ಬಯಲಾಯಿತೆಂದು ಬ್ಯಾಟರಿಗೆ ಕೈಮುಗಿದು ಅತ್ತೆ: "ಮಾಫಿ, ಮಾಫಿ. ಲೈಟ್ ಹಾಕಿದ್ದು ನಾನು."

ಮುದುಕರು ತಮ್ಮ ಗಾಡಿಯ ಬ್ಯಾಟರಿಗೆ ವಯರ್ ಸಿಕ್ಕಿಸಿ ನಮ್ಮ ಕಾರು ಸ್ಟಾರ್ಟ್ ಮಾಡಿಸಿದರು. ಅಪ್ಪ ಹೇಳಿದರು: "ಬ್ಯಾಟರಿ ಮಾಫಿ ಮಾಡ್ತು ಮಾರಾಯ. ಅಮ್ಮ ಮಾಡ್ತಾಳಾ ಕೇಳು."

ನಿನ್ನೆಯೂ ಯಾರೋ ಕಾರಿನ ಲೈಟ್ ಆರಿಸದೆ ಹಾಗೇ ಬಿಟ್ಟಿದ್ದರು. ಎಲ್ಲರೂ ಕಾರಿನಲ್ಲಿ ಆಡುವ ನನ್ನ ಮೊಮ್ಮಗನನ್ನು ನೋಡಿದರು; ಅವನ ಮುಖ ಬಿಳಿಚಿತು. "ನಾನೇ ಹಾಕಿಟ್ಟದ್ದು" ಎಂದೆ.

"ಮಾವ, ಅವನನ್ನು ಬಚಾವ್ ಮಾಡ್ಲಿಕ್ಕೆ ಸುಳ್ಳು ಹೇಳ್ಬೇಡಿ" ಎಂದು ಸೊಸೆ ನಕ್ಕಳು.

ಸುಳ್ಳಲ್ಲ. ಈ ಸಲವೂ ನಿಜವಾಗಿ ನಾನೇ.