ಮೂವರ ಸೀಟಿನಲ್ಲಿ ಲ್ಯಾಟಿನ್

ರಾಯಚೂರಿನಿಂದ ದೇವದುರ್ಗಕ್ಕೆ ಹೊರಟ ಬಸ್ಸು. ಮೂವರ ಸೀಟಿನ ತುದಿಯಲ್ಲಿ, ಹೊಸ ಬೆಲ್‌ಬಾಟಮ್ ಪ್ಯಾಂಟಿನ ಇಸ್ತ್ರಿ ಕೆಡದಂತೆ ಮೈ ಬಿಗಿಹಿಡಿದು ಕೂತಿದ್ದೆ. ಗಬ್ಬೂರಿನಲ್ಲಿ ಹತ್ತಿದ ಮುದುಕಿಯೊಬ್ಬಳು ನೇರ ನನ್ನೆದುರು ಬಂದು ನಿಂತಳು.

"ತುಸು ಅಡ್ಜಸ್ಟ್ ಮಾಡ್ಕೋ ಯಪ್ಪಾ."

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು. ಎಲ್ಲದಕ್ಕೂ ಅಡ್ಜಸ್ಟ್ ಎನ್ನುವವರನ್ನು ಕಂಡರೆ ನನಗಾಗದು. ಗಡಿಯಾರವನ್ನು ಅಡ್ಜಸ್ಟ್ ಮಾಡಬಹುದು, ಮನುಷ್ಯರನ್ನಲ್ಲ ಎಂದು ಹುಡುಗರನ್ನು ತಿದ್ದುತ್ತಿದ್ದೆ.

"ಜಾಗ ಎಲ್ಲದ ಯವ್ವಾ?" ಅಂದೆ.

"ನೀ ಸರದ್ರ ಆಗ್ತದ," ಎನ್ನುತ್ತಾ ಅವಳು ಕೂತೇಬಿಟ್ಟಳು. ರೊಟ್ಟಿಯ ಗಂಟನ್ನು ಕೇಳದೆಯೇ ನನ್ನ ತೊಡೆಯ ಮೇಲಿಟ್ಟಳು. ಕಿಟಕಿಯ ಕಡೆಯ ಇಬ್ಬರೂ ಸರಿದರು, ನಾನೂ ಸರಿದೆ.

ಆಗ ನಿಘಂಟಿನಲ್ಲಿ ಓದಿದ್ದು ನೆನಪಾಯಿತು. ಅಡ್ಜಸ್ಟ್ ಎಂಬ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಅದರ ಬೇರಿರುವುದು ಲ್ಯಾಟಿನ್ನಿನಲ್ಲಿ. ಅಲ್ಲಿ ಅದರ ಅರ್ಥ ಹತ್ತಿರಕ್ಕೆ ತರುವುದು. ಇಂಗ್ಲಿಷಿನಲ್ಲಿ ಸವೆದುಹೋದ ಆ ಅರ್ಥ ಗಬ್ಬೂರಿನ ದಾರಿಯಲ್ಲಿ ಇನ್ನೂ ಗಟ್ಟಿಯಾಗಿತ್ತು. ನನಗೆ ನಗು ಬಂತು.

"ಯಾಕ ನಗಾಕತ್ತೀ?" ಎಂದು ಮುದುಕಿಯೂ ನಕ್ಕಳು.

ನಡುದಾರಿಯಲ್ಲಿ ಅವಳು ನನ್ನ ಪ್ಯಾಂಟಿಗೆ ಅಂಟಿದ್ದ ಜೋಳದ ಹಿಟ್ಟು ಕೊಡವಿ, ಗಂಟು ಎತ್ತಿಕೊಂಡು ಇಳಿದಳು. ಸೀಟಿನಲ್ಲಿ ಮತ್ತೆ ಜಾಗವಾಯಿತು. ದೇವದುರ್ಗ ಬರುವವರೆಗೂ ನಮ್ಮ ಮೂವರಲ್ಲಿ ಯಾರೂ ದೂರ ಸರಿಯಲಿಲ್ಲ.